ಸಮಸ್ಯೆ: ತನ್ನವರಂ ಕೊಂದವಂಗೆ ತಾಯ್ ಪರಸಿದಳಯ್

ಪೃಚ್ಛಕ, ತುಮಕೂರು:
ಇದು ಕಂದಪದ್ಯದ ಕೊನೆಯ ಸಾಲು, ಪ್ರಾಸ ‘ನ್ನ’. ಮೊದಲ ಮೂರು ಸಾಲು ನೀವು ಕಟ್ಟಿ. ಸ್ವಂತದವರನ್ನೇ ಕೊಂದವನನ್ನು ತಾಯಿ ಯಾಕೆ ಹರಸಿದಳು? ಪುರಾಣವೇ ಆಗಬೇಕೆಂದಿಲ್ಲ. ಭಾನುವಾರ ಅಮಾನಿಕೆರೆ ಪಾರ್ಕಿನಲ್ಲಿ ಸೇರಿದಾಗ ಓದೋಣ.

ಮೇಷ್ಟ್ರು, ಮಾಲೂರು:
ಖಿನ್ನತೆಯಂ ನೀಗಿ ರಣದೆ
ಪನ್ನಗಶಯನೋಪದೇಶಮಂ ಕೇಳ್ದಾಗಳ್
ಬೆನ್ನಂ ತೋರದೆ ಕಾದುತೆ
ತನ್ನವರಂ ಕೊಂದವಂಗೆ ತಾಯ್ ಪರಸಿದಳಯ್
ಕೊಂದವನು ಅರ್ಜುನ, ತಾಯಿ ಕುಂತಿ.

ಪೃಚ್ಛಕ:
ಆರನೇ ಗಣಕ್ಕೆ ‘ಪದೇಶ’ ಜಗಣ (ಲಘು-ಗುರು-ಲಘು) ಸೊಗಸಾಗಿ ಕೂತಿದೆ ಮೇಷ್ಟ್ರೇ. ದಾರಿ ಮಾತ್ರ ಎಲ್ಲರಿಗೂ ಮೊದಲು ಹೊಳೆಯುವಂಥದ್ದು.

ಲ್ಯಾಬ್ ಟೆಕ್ನಿಷಿಯನ್, ಶಿರಾ:
ಕನ್ನಮನಿಕ್ಕಿದ ವೈರಿಯ
ಸನ್ನೆಯ ತುಣುಕಂ ವಿಲೋಕಿಸುತ್ತುಂ ಪೊರೆಯೊಳ್
ಮುನ್ನಮೆ ಪುಣ್ಣಾಗದವೊಲ್
ತನ್ನವರಂ ಕೊಂದವಂಗೆ ತಾಯ್ ಪರಸಿದಳಯ್

ತಾಯಿ ನಮ್ಮ ದೇಹ, ಕೊಂದವನು ರೋಗನಿರೋಧಕ ಪಡೆಯ ಕಿಲ್ಲರ್ ಟಿ ಕೋಶ, ಸತ್ತದ್ದು ನಮ್ಮದೇ ಜೀವಕೋಶ. ದಿನಾ ಗರ್ಭಕಂಠದಿಂದ ತೆಗೆದ ಕೋಶಗಳ ಪ್ಯಾಪ್ ಸ್ಮಿಯರ್ ಸ್ಲೈಡು ನೋಡುವವಳು ನಾನು. ನ್ಯೂಕ್ಲಿಯಸ್ ಉಬ್ಬಿ, ಸುತ್ತ ತಿಳಿ ವಲಯ ಕಟ್ಟಿದ ಕೋಶ ಕಂಡರೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಹೊಕ್ಕ ಗುರುತು. ಗರ್ಭಕಂಠದ ಕ್ಯಾನ್ಸರಿಗೆ ಬಹುಪಾಲು ಈ ವೈರಸ್ಸೇ ಕಾರಣ. ಅದರ ಇ6 ಪ್ರೋಟೀನು ಬೆಳವಣಿಗೆಗೆ ಕಡಿವಾಣ ಹಾಕುವ ನಮ್ಮ ಪಿ53 ಪ್ರೋಟೀನನ್ನು, ಇ7 ಅಂಥದ್ದೇ ಆರ್‌ಬಿಯನ್ನು ಕೆಡಿಸುತ್ತೆ. ಕೋಶ ಲಂಗುಲಗಾಮಿಲ್ಲದೆ ಬೆಳೆಯುತ್ತೆ.

ಟಿ ಕೋಶಕ್ಕೆ ಒಳಗೆ ಇಣುಕಲು ಬರಲ್ಲ. ಆದರೆ ಕೋಶ ತನ್ನೊಳಗಿನ ಪ್ರೋಟೀನುಗಳನ್ನು ಕತ್ತರಿಸಿ, ಸುಮಾರು 8ರಿಂದ 10 ಅಮೈನೋ ಆಮ್ಲಗಳ ತುಣುಕನ್ನು ಎಂಎಚ್‌ಸಿ ಎಂಬ ಅಣುವಿನ ಸೀಳಿನಲ್ಲಿ ಕೂರಿಸಿ ಪೊರೆಯ ಮೇಲೆ ಎತ್ತಿ ಹಿಡಿಯುತ್ತೆ. ಅಲ್ಲಿ ಇ7ರ ಚೂರು ಗುರುತು ಹತ್ತಿತೋ, ಟಿ ಕೋಶ ಅಂಟಿಕೊಂಡು ಪರ್ಫೋರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆದು, ಕೋಶವನ್ನು ಸಾಯಿಸುವ ಗ್ರಾನ್‌ಜೈಮ್ ಕಿಣ್ವ ನುಗ್ಗಿಸುತ್ತೆ. ವೈರಸ್ಸಿನ ಗುರುತೊಂದೇ ಸಾಲದು, ಸ್ವಂತ ಎಂಎಚ್‌ಸಿಯೂ ಜೊತೆಗೆ ಕಾಣಬೇಕು ಅಂತ 1974ರಲ್ಲಿ ಡೋಹರ್ಟಿ, ಜಿಂಕರ್ನಾಗೆಲ್ ಇಲಿಗಳಲ್ಲಿ ತೋರಿಸಿದರು. 1996ರಲ್ಲಿ ನೊಬೆಲ್ ಬಂತು.

ಮೇಷ್ಟ್ರು:
‘ಸನ್ನೆಯ ತುಣುಕು’ ಈಗ ಮನಸ್ಸಿಗೆ ಹತ್ತಿತಮ್ಮ, ನನ್ನ ಪದ್ಯಕ್ಕಿಂತ ಇದೇ ಮೇಲು. ಕ್ಯಾನ್ಸರ್ ಗಡ್ಡೆ ಆ ತುಣುಕನ್ನು ತೋರಿಸದೇ ಹೋದರೆ?

ಲ್ಯಾಬ್ ಟೆಕ್ನಿಷಿಯನ್:
ಹಾಗೂ ಆಗುತ್ತೆ ಮೇಷ್ಟ್ರೇ. ಎಷ್ಟೋ ಗಡ್ಡೆಗಳು ಪೊರೆಯ ಮೇಲಿನ ಎಂಎಚ್‌ಸಿಯನ್ನೇ ಕಡಿಮೆ ಮಾಡಿಕೊಂಡು ತಪ್ಪಿಸಿಕೊಳ್ತವೆ. ಆದರೆ ಇ6, ಇ7 ಮಾಡೋದನ್ನು ಬಿಡಲಾರವು, ಬಿಟ್ಟರೆ ಬೆಳವಣಿಗೆಯೇ ನಿಲ್ಲುತ್ತೆ. ಚಿಕಿತ್ಸೆಯ ಲಸಿಕೆ ಹುಡುಕುವವರು ಇವೆರಡರ ಮೇಲೆ ಕಣ್ಣಿಟ್ಟಿರೋದು ಅದಕ್ಕೇ.

ಪೃಚ್ಛಕ:
ಹಾಗಾದರೆ ‘ಮುನ್ನಮೆ’ (ಮೊದಲೇ) ಸ್ವಲ್ಪ ಇಕ್ಕಟ್ಟಾಯಿತು. ಗಡ್ಡೆ ಎದ್ದ ಮೇಲೂ ಟಿ ಕೋಶ ಕಾದುತ್ತದಲ್ಲ. ಮೂರನೇ ಸಾಲು ಹೀಗಿದ್ದರೆ?
ಬನ್ನಂಬಡಿಸುವ ಗಡ್ಡೆಯ

ಲ್ಯಾಬ್ ಟೆಕ್ನಿಷಿಯನ್:
ಒಪ್ಪಿದೆ ಸಾರ್. ಭಾನುವಾರ ಹೀಗೇ ಓದ್ತೀನಿ.