ಟಿಯರ್‌ಡ್ರಾಪ್ ಟ್ರೇಲರ್‌ಗೆ ನಮ್ಮ ಕಡೆ ಏನನ್ನೋಣ? – ವಸ್ತಿ, ಕಮಾನು, ಕೊಪ್ಪೆ, ಡಿಕ್ಕಿ

ಗೆಳೆಯರೆ, ನಮಸ್ಕಾರ.

ಒಂದು ಗಾಡಿಗೆ ಹೆಸರು ಬೇಕಾಗಿದೆ. ಅದರ ಭಾಗಗಳಿಗೂ ಬೇಕು. ಮೊದಲು ಗಾಡಿ ಎಂಥದ್ದು ಅಂತ ಹೇಳಿಬಿಡುತ್ತೇನೆ.

ನನ್ನ ತಮ್ಮ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೇಲರ್ ಮಾಡಿಸುತ್ತಿದ್ದಾನೆ. ಇಲ್ಲೇ ದಾವಣಗೆರೆಯಲ್ಲಿ, ಹಳೇ ಪಿ.ಬಿ. ರೋಡಿನ ಬದಿಯ ಒಂದು ಶೆಡ್ಡಿನಲ್ಲಿ. ಇಂಗ್ಲಿಷಿನಲ್ಲಿ ಇದು ಟಿಯರ್‌ಡ್ರಾಪ್ ಟ್ರೇಲರ್. ಪಕ್ಕದಿಂದ ನೋಡಿದರೆ ಮುಂದೆ ಗುಂಡಗೆ ಉಬ್ಬಿ, ಹಿಂದಕ್ಕೆ ಇಳಿಜಾರಾಗಿ ಸಣ್ಣಗಾಗುತ್ತದೆ. ಒಳಗೆ ಇಬ್ಬರಿಗಾಗುವ ಹಾಸಿಗೆ, ಅಷ್ಟೇ. ಕೂರಬಹುದು, ನಿಲ್ಲೋಕಾಗಲ್ಲ. ಅಡುಗೆಯ ಜಾಗ ಹಿಂಬದಿಯಲ್ಲಿ, ಹೊರಗಡೆಗೆ ಮುಖ ಮಾಡಿಕೊಂಡು ಇರುತ್ತದೆ. ಹಿಂದಿನ ಮುಚ್ಚಳ ಮೇಲೆತ್ತಿದರೆ ಅದೇ ನೆರಳು. ಅದರಡಿ ನಿಂತು ಉಪ್ಪಿಟ್ಟು ಕೆದಕಬಹುದು.

ಅಮೆರಿಕದಲ್ಲಿ 1930ರ ದಶಕದಲ್ಲೇ ಜನ ಇದನ್ನು ಮನೆ ಹಿತ್ತಲಲ್ಲಿ ಮಾಡಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಜಾಸ್ತಿಯಾಯಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಅನ್ನುವ ಪತ್ರಿಕೆ ಅಳತೆ ಸಮೇತ ಅದರ ನಕ್ಷೆಯನ್ನೇ ಅಚ್ಚು ಹಾಕಿತ್ತು. ಗಾಡಿಯ ಮಾಮೂಲಿ ಅಳತೆ ಬಂದಿರುವುದು ಪ್ಲೈವುಡ್ ಹಾಳೆಯಿಂದ. ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಗಾಡಿಯೂ ಹಾಗೇ ಎಂಟಕ್ಕೆ ನಾಲ್ಕು. ನಮ್ಮೂರಿನ ಅಂಗಡಿಯಲ್ಲೂ ಅದೇ ಅಳತೆಯ ಹಾಳೆ ಸಿಗುತ್ತದೆ ಅಂತ ಗೊತ್ತಾದ ದಿನವೇ ತಮ್ಮ ಕೆಲಸ ಶುರು ಮಾಡಿದ.

ನನ್ನ ಪಾಲಿಗೆ ಬಂದಿದ್ದು ಮಾತಿನ ಕೆಲಸ. ನಕ್ಷೆಯ ಮೇಲಿನ ಇಂಗ್ಲಿಷನ್ನೆಲ್ಲ ಆಚಾರ್ರಿಗೆ ಕನ್ನಡದಲ್ಲಿ ಬರೆದುಕೊಡಬೇಕು. ಅಳತೆಯಲ್ಲಿ ತೊಂದರೆಯಾಗಲಿಲ್ಲ. 12 ಎಂಎಂ ಅಂದರೆ ಅವರಿಗೆ ನಾಲ್ಕು ನೂಲು, ಇಂಚಿಗೆ ಎಂಟು ನೂಲಿನ ಲೆಕ್ಕ. ತೊಂದರೆಯಾಗಿದ್ದು ಹೆಸರಿನಲ್ಲಿ.

ಮೊದಲು ‘ಕಣ್ಣಹನಿ ಗಾಡಿ’ ಅಂತ ಬರೆದೆ. ನಮ್ಮಮ್ಮ ಕನ್ನಡಕ ಏರಿಸಿಕೊಂಡು ಓದಿದರು. “ಹೊಸ ಗಾಡಿಗೆ ಯಾರಾದ್ರೂ ಕಣ್ಣೀರು ಅಂತ ಹೆಸರಿಡ್ತಾರೇನೋ? ನಿಂಬೆಹಣ್ಣು ಇಟ್ಟು ಪೂಜೆ ಮಾಡೋದು ಯಾಕೆ ಮತ್ತೆ?” ಅಂದರು. ಅವರ ಮಾತು ಸರಿಯೇ. ಇಂಗ್ಲಿಷಿನವರಿಗೆ ಅದು ಆಕಾರದ ಹೆಸರು, ನಮ್ಮ ಕಿವಿಗೆ ಅಳು ಕೇಳಿಸುತ್ತದೆ. ಕಣ್ಣು ಬಿಟ್ಟು ಬರೀ ‘ಹನಿಗಾಡಿ’ ಅನ್ನೋಣವೆಂದರೆ ಅದೂ ಆಕಾರಕ್ಕೆ ಹೊಂದುವುದಿಲ್ಲ. ಬೀಳುವ ಮಳೆಹನಿಗೆ ಬಾಲ ಇರಲ್ಲ. ಸಣ್ಣ ಹನಿ ಗುಂಡಗೇ ಇರುತ್ತದೆ, ದೊಡ್ಡದು ತಳದಲ್ಲಿ ಚಪ್ಪಟೆಯಾಗಿ ಬನ್ನಿನ ಹಾಗೆ ಕಾಣುತ್ತದೆ. ನಾವು ಚಿತ್ರದಲ್ಲಿ ಬರೆಯುವ ಬಾಲದ ಹನಿ ನಲ್ಲಿ ಬಾಯಲ್ಲಿ ಇನ್ನೂ ನೇತಾಡುತ್ತಿರುವಂಥದ್ದು. ಅದಕ್ಕೆ ‘ತೊಟ್ಟು’ ಸರಿಯಾದ ಮಾತು ಅಂತ ‘ತೊಟ್ಟುಗಾಡಿ’ ಮಾಡಿದೆ. ಆಚಾರ್ರು ಅದನ್ನು ತೊಟ್ಟಿಲುಗಾಡಿ ಅಂತ ಕೇಳಿಸಿಕೊಂಡು, “ಮಗು ಎಷ್ಟು ತಿಂಗಳದ್ದು ಸ್ವಾಮಿ?” ಅಂದರು. ಅಲ್ಲಿಗೆ ಅದನ್ನೂ ಕೈಬಿಟ್ಟೆ.

ಈ ಹೊತ್ತಿಗೆ ತಮ್ಮನ ಫೋನಿನಲ್ಲಿ ಇನ್ನೂರು ಫೋಟೋ ಸೇರಿದ್ದವು. ಎಲ್ಲಾ ಹೊರದೇಶದವು, ಎಲ್ಲಾ ಒಂದೇ ಥರ. ಸುಮ್ನೆ ಅವನ್ನೇ ನೋಡುತ್ತಾ ಕೂರುವುದಕ್ಕಿಂತ ನಮ್ಮ ಕಡೆ ಇದ್ದಿದ್ದು ಏನು ಅಂತ ನೋಡೋಣ ಬಾ ಎಂದು ಒಂದು ಭಾನುವಾರ ಹೊಳಲ್ಕೆರೆ ಕಡೆಯ ನಮ್ಮ ಸೋದರಮಾವನ ಮನೆಗೆ ಹೋದೆವು. ಆಚಾರ್ರನ್ನೂ ಕೂರಿಸಿಕೊಂಡೆವು. ಮಾವನ ಕೊಟ್ಟಿಗೆಯಲ್ಲಿ ಹಳೇ ಕಮಾನು ಬಂಡಿ ಒಂದಿದೆ. ಬಗ್ಗಿಸಿದ ಬಿದಿರು, ಮೇಲೆ ಬಿದಿರಿನ ತಟ್ಟಿ. ಅದರ ಮೇಲೆ ಈಗ ಕೋಳಿ ಕೂರುತ್ತವೆ. ಧಾರವಾಡದ ಕಡೆಯವರು ಕೊಲ್ಲಾರಿ ಬಂಡಿ ಅನ್ನುವುದು ಇದೇ ಜಾತಿಯದ್ದು. ಇದರಲ್ಲೇ ಜಾತ್ರೆಗೆ ಹೋಗುತ್ತಿದ್ದರು, ಇದರಲ್ಲೇ ಮಲಗುತ್ತಿದ್ದರು, ಪಕ್ಕದಲ್ಲೇ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಿದ್ದರು. ನಾನು ಹಿಗ್ಗಿಬಿಟ್ಟೆ. ಹೆಸರು ಸಿಕ್ಕಿತು, ‘ಕಮಾನು ಗಾಡಿ’!

ಆಚಾರ್ರು ಒಪ್ಪಲಿಲ್ಲ. ಬಂಡಿಯ ಮೇಲೆ ಕೈ ಆಡಿಸುತ್ತಾ ಹೇಳಿದರು: “ಇಲ್ಲಿ ಕಮಾನು ಅಡ್ಡಕ್ಕೈತಿ. ಈ ಪಕ್ಕ ಎದ್ದು ಆ ಪಕ್ಕ ಇಳಿತೈತಿ. ನಿಮ್ದರಾಗೆ ಉದ್ದಕ್ಕೈತಿ.” ಈ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ. ಬಂಡಿಯಲ್ಲಿ ಬಾಗಿದ ಬಿದಿರೇ ಚಾವಣಿಯನ್ನು ಹೊರುತ್ತದೆ. ಟಿಯರ್‌ಡ್ರಾಪಿನಲ್ಲಿ ಎರಡು ಪಕ್ಕದ ಹಲಗೆಗಳನ್ನು ಬಾಗಿದ ಗೆರೆಗೆ ಕೊಯ್ದು ನಿಲ್ಲಿಸುತ್ತಾರೆ, ನಡುವೆ ನೆಟ್ಟಗಿನ ಪಟ್ಟಿಗಳನ್ನು ಅಡ್ಡ ಹಾಕುತ್ತಾರೆ. ಬಾಗಿರುವುದು ಗೋಡೆಯ ಅಂಚು, ಚಾವಣಿಯ ಮರವಲ್ಲ. ನಕ್ಷೆಯಲ್ಲಿ ಆ ಪಟ್ಟಿಗಳಿಗೆ ನಾನು ‘ಪಕ್ಕೆಲುಬು’ ಅಂತ ಬರೆದಿದ್ದೆ. ಆಚಾರ್ರು ಅದನ್ನು ಹೊಡೆದು ‘ರೀಪು’ ಅಂತ ಬರೆದರು. ಹಂಚಿನ ಮನೆಗೆ ಹೊಡೆಯುವ ಅದೇ ರೀಪು. ಅದಕ್ಕೆ ಬೇರೆ ಪದ ಬೇಕಿಲ್ಲ ಅಂತ ನನಗೂ ಅನಿಸಿದೆ.

ಆ ಕೊಟ್ಟಿಗೆಯಲ್ಲೇ ಇನ್ನೊಂದು ಮಾತು ಬಿಟ್ಟಿಯಾಗಿ ಸಿಕ್ಕಿತು. ಟ್ರೇಲರಿನ ಮುಂದಕ್ಕೆ ಚಾಚಿಕೊಂಡು ಕಾರಿಗೆ ಸಿಕ್ಕಿಕೊಳ್ಳುವ ಕಬ್ಬಿಣದ ದಂಡಕ್ಕೆ ಇಂಗ್ಲಿಷಿನಲ್ಲಿ ‘ನಾಲಿಗೆ’ ಅನ್ನುತ್ತಾರೆ. ನಮ್ಮ ಬಂಡಿಯಲ್ಲಿ ಅದೇ ಜಾಗದಲ್ಲಿರುವುದು ಮೂಕಿ. ನಾಲಿಗೆ ಇದ್ದ ಕಡೆ ನಮ್ಮವರು ಮೂಕಿ ಇಟ್ಟಿದ್ದಾರೆ ನೋಡಿ, ನನಗಂತೂ ನಗು ಬಂತು. ಬರೀ ಹೆಸರಲ್ಲ, ಲೆಕ್ಕವೂ ಒಂದೇ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಈ ಮೂಕಿಯ ಮೇಲೆ ಬೀಳಬೇಕು. 400 ಕಿಲೋ ಗಾಡಿಯಾದರೆ 40ರಿಂದ 60 ಕಿಲೋ. ಕಡಿಮೆಯಾದರೆ ಓಡುವಾಗ ಹಿಂಬದಿ ಎಡಕ್ಕೂ ಬಲಕ್ಕೂ ಬಾಲ ಆಡಿಸುತ್ತದೆ. ಇದನ್ನು ಮಾವನಿಗೆ ವಿವರಿಸಲು ತಮ್ಮ ಬಾಯಿ ತೆಗೆದ. ಮಾವ ಮಧ್ಯದಲ್ಲೇ, “ಹೇರು ಹಿಂದಾದ್ರೆ ಮೂಕಿ ಎದ್ದು ಎತ್ತಿನ ಕೊಳ್ಳು ಹಿಡಿತೈತಿ, ಮುಂದಾದ್ರೆ ಹೆಗಲು ಇಳಿತೈತಿ, ಅಷ್ಟೇ ತಾನೆ?” ಅಂದರು. ಅಷ್ಟೇ. ಹಾಗಾಗಿ ನಕ್ಷೆಯಲ್ಲಿ ಈಗ ‘ಮೂಕಿ ಭಾರ’ ಅಂತಲೇ ಇದೆ. ಬಂಡಿಯ ಕೆಳಗೆ ಅಚ್ಚಿನ ಹತ್ತಿರ ಕಟ್ಟಿದ್ದ ಗೋಣಿಯ ಜೋಲಿಯನ್ನೂ ತಮ್ಮ ಅಳತೆ ತೆಗೆದುಕೊಂಡ. ಒಲೆಯ ಸೌದೆಗೆ ಒಂದು ಜೋಲಿ ಬೇಕಂತೆ.

ಆಕಾರದ ಹೆಸರು ಸಿಕ್ಕಿದ್ದು ಇನ್ನೊಂದು ಸಲ, ಚಳ್ಳಕೆರೆ ರಸ್ತೆಯಲ್ಲಿ. ಜೋರು ಮಳೆ. ರಸ್ತೆ ಪಕ್ಕದ ಬಯಲಲ್ಲಿ ಕುರಿಗಳೆಲ್ಲ ತಲೆ ತಗ್ಗಿಸಿ ಒತ್ತೊತ್ತಾಗಿ ನಿಂತಿದ್ದವು. ಕುರಿ ಕಾಯುವವರು ಒಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಿಂದ ನೋಡಿದರೆ ತಲೆಯ ಹತ್ತಿರ ಗುಂಡಗೆ, ಬೆನ್ನಿನ ಗುಂಟ ಜಾರಿ ನೆಲಕ್ಕೆ ತಾಗುವ ಗೆರೆ. ನೀರು ಆ ಗೆರೆ ಹಿಡಿದು ಇಳಿಯುತ್ತಿತ್ತು. ತಮ್ಮ ಕಾರು ನಿಧಾನ ಮಾಡಿ, “ಅಣ್ಣಾ, ಇನ್ನೂರು ಫೋಟೋದಲ್ಲಿ ಇಲ್ಲದ್ದು ಇಲ್ಲೈತೆ ನೋಡು” ಅಂದ. ಆ ರಾತ್ರಿ ಹಿಂದಿನ ಇಳಿಜಾರಿನ ಗೆರೆಯನ್ನು ಅಳಿಸಿ ಮತ್ತೆ ಬರೆದ. ಮೊದಲಿನದಕ್ಕಿಂತ ಉದ್ದ, ಮೆಲ್ಲಗೆ ಇಳಿಯುವ ಗೆರೆ. ಮಳೆ ನೀರು ಅಡುಗೆಯ ಮುಚ್ಚಳದ ಸಂದಿಗೆ ಹೋಗದೆ ಹೊರಗೇ ಜಾರಲಿ ಅಂತ.

ಆಗಿನಿಂದ ಶೆಡ್ಡಿನಲ್ಲಿ ಅದರ ಹೆಸರು ‘ಕೊಪ್ಪೆ’. “ಕೊಪ್ಪೆಗೆ ಪ್ರೈಮರ್ ಹೊಡೆದಾಯ್ತಾ?” ಅಂತ ವೆಲ್ಡರ್ ಹುಡುಗ ಕೂಡ ಕೇಳುತ್ತಾನೆ. ಕಣ್ಣೀರಿನ ಮೈಲಿಗೆ ಇಲ್ಲ, ಅಮ್ಮನೂ ಒಪ್ಪಿದರು.

ಆದರೆ ಕೊಪ್ಪೆ ಅನ್ನುವುದು ಈ ಒಂದು ಆಕಾರಕ್ಕೆ ಮಾತ್ರ. ಡಬ್ಬದ ಥರದ್ದೂ ಇರುತ್ತವೆ, ಅವೆಲ್ಲಕ್ಕೂ ಸೇರಿ ಒಂದು ಹೆಸರು ಬೇಡವಾ? ಕ್ಯಾಂಪಿಂಗ್ ಟ್ರೇಲರ್ ಅನ್ನುವುದಕ್ಕೆ ‘ಶಿಬಿರ ವಾಹನ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ನನಗೆ ಕಣ್ಣು ತಪಾಸಣೆಯ ಶಿಬಿರವೇ ನೆನಪಾಗುತ್ತದೆ. ‘ತಂಗುಬಂಡಿ’ ಚೆನ್ನಾಗಿದೆ, ತಂಗುದಾಣ ಇರುವಾಗ ಅರ್ಥವೂ ಆಗುತ್ತದೆ, ಆದರೆ ಬಾಯಲ್ಲಿ ಯಾರೂ ಆಡಲ್ಲ. ನನ್ನ ಮನಸ್ಸು ಇರುವುದು ‘ವಸ್ತಿ’ ಮೇಲೆ. ನಮ್ಮ ಕಡೆಯ ಹಳ್ಳಿಯವರಿಗೆ ವಸ್ತಿ ಬಸ್ಸು ಗೊತ್ತು. ರಾತ್ರಿ ಎಂಟು ಒಂಬತ್ತಕ್ಕೆ ಊರಿಗೆ ಬರುತ್ತೆ, ಡ್ರೈವರ್ರು ಕಂಡಕ್ಟರ್ರು ಸೀಟಿನ ಮೇಲೇ ಮಲಗುತ್ತಾರೆ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುತ್ತೆ. ಗಾಡಿ ನಿಲ್ಲಿಸಿ ಅದರಲ್ಲೇ ರಾತ್ರಿ ಕಳೆಯುವುದಕ್ಕೆ ಇದಕ್ಕಿಂತ ಬಳಕೆಯ ಮಾತು ಎಲ್ಲಿದೆ? ಹಾಗಾಗಿ ಜಾತಿಗೆ ‘ವಸ್ತಿ ಗಾಡಿ’, ಅದರಲ್ಲಿ ಈ ಆಕಾರದ್ದು ‘ಕೊಪ್ಪೆ’. ಬಂಡಿ ಬಿಟ್ಟು ಗಾಡಿ ಯಾಕೆಂದರೆ ಬಂಡಿ ಅಂದರೆ ನಮ್ಮಲ್ಲಿ ಎತ್ತು ಕೇಳುತ್ತಾರೆ. ಗಾಡಿ ಅಂದರೆ ಬೈಕು ಅಂದುಕೊಳ್ಳುವ ಅಪಾಯವೂ ಇದೆ, ಆದರೆ ಹಿಂದೆ ‘ವಸ್ತಿ’ ಇದ್ದರೆ ಆ ಗೊಂದಲ ಇರಲ್ಲ. ಕಾಗದಪತ್ರದಲ್ಲಿ ಹೇಗೂ ಟ್ರೇಲರ್ರೇ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಎಳೆದುಕೊಂಡು ಹೋಗುವಂಥದ್ದಕ್ಕೆ ಇರುವ ಹೆಸರು ಅದು, ನೋಂದಣಿ ಆಗುವುದೂ ಹಾಗೇ.

ಇನ್ನು ಸಿಕ್ಕಿಕೊಂಡಿರುವುದು ಹಿಂದಿನ ಮುಚ್ಚಳ. ಶೆಡ್ಡಿನಲ್ಲಿ ಎಲ್ಲರೂ ‘ಡಿಕ್ಕಿ’ ಅಂತಾರೆ. ಕಾರಿನ ಹಿಂದಿರುವುದಕ್ಕೆ ಅದೇ ಹೆಸರಲ್ವಾ. ಆದರೆ ಪೇಪರಿನಲ್ಲಿ ದಿನಾ ‘ಲಾರಿಗೆ ಡಿಕ್ಕಿ’ ಓದುವ ನನಗೆ ‘ಡಿಕ್ಕಿಯಲ್ಲಿ ಅಡುಗೆ’ ಅಂತ ಬರೆಯಲು ಕೈ ಬರುತ್ತಿಲ್ಲ. ಈ ಮುಚ್ಚಳಕ್ಕೆ ತೀರಾ ಹತ್ತಿರದ್ದು ಬಸ್ ಸ್ಟ್ಯಾಂಡ್ ಹತ್ತಿರದ ಪೆಟ್ಟಿಗೆ ಅಂಗಡಿಯಲ್ಲಿದೆ. ಬೆಳಿಗ್ಗೆ ಅಂಗಡಿಯವರು ಮುಂದಿನ ಹಲಗೆಯನ್ನು ಮೇಲೆತ್ತಿ ಎರಡು ಕೋಲು ಕೊಡುತ್ತಾರೆ. ರಾತ್ರಿ ಬಾಗಿಲಾಗಿದ್ದದ್ದು ಹಗಲು ಚಪ್ಪರವಾಗುತ್ತದೆ. ಅಲ್ಲಿ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಾ ಕೇಳಿದೆ, ಇದಕ್ಕೆ ಏನಂತೀರಿ ಅಂತ. “ಹಲಗೆ” ಅಂದರು. ಮತ್ತೆ ಕೇಳಿದರೆ, “ಮೇಲಿನ ಹಲಗೆ.” ಪಕ್ಕದ ಪುಟ್ಟ ಬಾಗಿಲಿಗಂತೂ ಚಿಂತೆಯಿಲ್ಲ. ಬಗ್ಗಿಯೇ ಒಳಗೆ ಹೋಗಬೇಕು, ದುರ್ಗದ ಕೋಟೆ ನೋಡಿದವರೆಲ್ಲ ಅದನ್ನು ‘ಕಿಂಡಿ’ ಅನ್ನುತ್ತಾರೆ, ನಾನು ಬೇಡವೆಂದರೂ ಬಿಡಲ್ಲ.

ಹಾಗಾಗಿ ನನ್ನ ಪ್ರಶ್ನೆಗಳು ಇಷ್ಟು. ಬಾಗಿಲೂ ಆಗಿ ನೆರಳೂ ಆಗುವ, ಮೇಲಕ್ಕೆ ಎತ್ತುವ ಹಲಗೆಗೆ ನಿಮ್ಮ ಊರಿನ ಅಂಗಡಿ, ಕಣ, ಹಗೇವು, ಎಲ್ಲಾದರೂ ಸರಿ, ಬಳಕೆಯ ಹೆಸರಿದೆಯಾ? ಕಟ್ಟಿದ ಪದ ಬೇಡ, ಯಾರಾದರೂ ಬಾಯಲ್ಲಿ ಆಡಿದ್ದು ಬೇಕು. ಎತ್ತು ಬಿಚ್ಚಿದ ಮೇಲೆ ಮೂಕಿ ನೆಲಕ್ಕೆ ತಾಗದ ಹಾಗೆ ಕೊಡುವ ಕೋಲಿಗೆ ನಿಮ್ಮಲ್ಲಿ ಏನನ್ನುತ್ತಾರೆ? ನಮ್ಮ ಟ್ರೇಲರಿಗೂ ಅಂಥದ್ದೇ ಒಂದು ಕಾಲು ಇದೆ, ಆಚಾರ್ರು ಮತ್ತು ಮಾವ ಆ ವಿಷಯಕ್ಕೆ ಜಗಳ ಆಡಿ ಈಗ ಮಾತು ಬಿಟ್ಟಿದ್ದಾರೆ. ಇನ್ನೊಂದು: ಕೊಪ್ಪೆಯನ್ನು ನಿಮ್ಮ ಕಡೆ ಕೊಪ್ಪೆ ಅಂತೀರಾ, ಗೊಪ್ಪೆ ಅಂತೀರಾ? ಪೇಂಟರ್ ಬುಧವಾರ ಬರುತ್ತಾನೆ, ಹಿಂದುಗಡೆ ಹೆಸರು ಬರೆಸಬೇಕು. ಅಷ್ಟರೊಳಗೆ ಹೇಳಿದರೆ ಒಳ್ಳೆಯದು.