ಮೀನುಮನೆ, ಕಡಲ್ಗುದುರೆ ಮತ್ತು ಮೀನಲ್ಲದ ‘ಮೀನು’ಗಳು

ಎಲ್ಲರಿಗೂ ನಮಸ್ಕಾರ. ಮಕ್ಕಳು ಓದುವಂಥ ಒಂದು ಚಿಕ್ಕ ಬರಹ ಕೈಯಲ್ಲಿದೆ. ವಸಂತದ ಒಂದು ದಿನ ಮಳೆ ಹಿಡಿದಿದೆ. ಮನೆಮಂದಿಯೆಲ್ಲ ಕೊಡೆ ಹಿಡಿದು ಅಕ್ವೇರಿಯಂ ನೋಡಲು ಹೋಗುತ್ತಾರೆ, ಸಂಜೆಗೆ ವಾಪಸ್. ಕತೆ ಅಷ್ಟೇ. ಆದರೆ ಅದನ್ನು ಕನ್ನಡದಲ್ಲಿ ಬರೆಯಲು ಕೂತರೆ ಒಪ್ಪುವ ಪದ ಸಿಗದೆ ಹೆಜ್ಜೆಹೆಜ್ಜೆಗೂ ತಡೆಯುತ್ತಿದೆ.

ಮೊದಲು ಆ ಜಾಗದ ಹೆಸರು. ನಮ್ಮ ಮಾತಿನಲ್ಲಿ ಮನೆಯ ಮೂಲೆಯಲ್ಲಿರುವ ಗಾಜಿನ ಪೆಟ್ಟಿಗೆಯೂ ಅಕ್ವೇರಿಯಂ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ದೊಡ್ಡ ಕಟ್ಟಡವೂ ಅಕ್ವೇರಿಯಂ. ‘ಮತ್ಸ್ಯಾಲಯ’ ಫಲಕಕ್ಕೆ ಸರಿ, ಮಗುವಿನ ಬಾಯಿಗೆ ಭಾರ. ನನಗೆ ಹಿಡಿಸಿದ್ದು ‘ಮೀನುಮನೆ’. ಇದು ಸುಮ್ನೆ ಹೊಸೆದ ಪದ ಅನ್ನುವವರಿಗೆ ಒಂದು ಮಾತು: ಜನರ ನೋಟಕ್ಕೆಂದು ಕಟ್ಟಿದ ಮೊದಲ ಅಕ್ವೇರಿಯಂ 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆಯಿತು. ಅಲ್ಲಿಯವರು ಅದನ್ನು ಕರೆದದ್ದು ‘ಫಿಶ್ ಹೌಸ್’ ಎಂದೇ! ‘ಅಕ್ವೇರಿಯಂ’ ಎಂಬ ಹೆಸರು ಜನರ ಬಾಯಿಗೆ ಹತ್ತಿದ್ದು ಆಮೇಲೆ, 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗತಜ್ಞ ತನ್ನ ಪುಸ್ತಕಕ್ಕೆ ಆ ಹೆಸರಿಟ್ಟ ಮೇಲೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಮೊದಲಿದ್ದ ಅರ್ಥ ದನಕರು ನೀರು ಕುಡಿಯುವ ಜಾಗ. ಹಾಗಾಗಿ ‘ತೊಟ್ಟಿ’ ಅಂದರೆ ಮೂಗು ಮುರಿಯಬೇಕಿಲ್ಲ. ಮನೆಯಲ್ಲಿರುವುದು ಮೀನುತೊಟ್ಟಿ, ನೋಡಲು ಹೋಗುವುದು ಮೀನುಮನೆ. ಹೀಗೆ ಎರಡನ್ನು ಬೇರೆ ಮಾಡಿದರೆ ನಡೆಯುತ್ತದೆಯೇ? ಒಳಗೆ ಆಮೆ, ಏಡಿ, ಪೆಂಗ್ವಿನ್ ಕೂಡ ಇರುತ್ತವಲ್ಲ ಎಂಬ ತಕರಾರು ಬರಬಹುದು. ಅದು ನನಗೆ ದೊಡ್ಡದಾಗಿ ಕಾಣುವುದಿಲ್ಲ.

ನಿಜವಾದ ತೊಡಕು ಒಳಗೆ ಹೋದ ಮೇಲೆ. ನಕ್ಷತ್ರಮೀನು ಮೀನಲ್ಲ. ಅದಕ್ಕೆ ಬೆನ್ನುಮೂಳೆ ಇಲ್ಲ, ರಕ್ತವೂ ಇಲ್ಲ; ಮೈಯೊಳಗಿನ ಕೊಳವೆಗಳಲ್ಲಿ ಕಡಲ ನೀರೇ ಓಡಾಡುತ್ತದೆ, ಅದರ ಒತ್ತಡದಿಂದಲೇ ಪುಟ್ಟ ಪುಟ್ಟ ಪಾದಗಳು ಚಲಿಸುತ್ತವೆ. ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್, ಅದಕ್ಕಿಂತ ದೂರ. ಮೆದುಳಿಲ್ಲ, ಹೃದಯವಿಲ್ಲ, ಕಿವಿರಿಲ್ಲ, ಮೈಯೆಲ್ಲ ಬಹುಪಾಲು ನೀರು. ಇವೆರಡರ ಹೆಸರಲ್ಲೂ ‘ಮೀನು’ ಇದೆ. ಇನ್ನು ಕಿವಿರು, ಈಜುರೆಕ್ಕೆ, ಬೆನ್ನುಮೂಳೆ ಎಲ್ಲ ಇರುವ ಅಪ್ಪಟ ಮೀನು ಯಾವುದು? ಕಡಲ್ಗುದುರೆ, ಅಂದರೆ ಸೀಹಾರ್ಸ್! (ಮೊಟ್ಟೆಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವುದು ಅದರ ಗಂಡು. ಮಕ್ಕಳಿಗೆ ಇದನ್ನು ಹೇಳದೆ ಬಿಡಲಾರೆ.) ಇದನ್ನು ‘ನೀರುಕುದುರೆ’ ಎಂದು ಬರೆದರೆ ಮಾತ್ರ ಕೆಟ್ಟಿತು, ಅದು ಹಿಪೊಪೊಟಮಸ್.

ಇಂಗ್ಲಿಷಿನಲ್ಲೂ ಇದೇ ಗೋಳು. ಅದಕ್ಕೇ ಈಚೆಗೆ ಹಲವು ಅಕ್ವೇರಿಯಂಗಳು ‘ಸೀ ಸ್ಟಾರ್’, ‘ಸೀ ಜೆಲ್ಲಿ’ ಎಂದು ಫಲಕ ಹಾಕುತ್ತಿವೆ. ನಾವೂ ‘ಕಡಲಚುಕ್ಕಿ’, ‘ಕಡಲಲೋಳೆ’ ಅನ್ನಬಹುದೇ? ಚುಕ್ಕಿಯ ಬಗ್ಗೆ ನನಗೆ ಅನುಮಾನವಿಲ್ಲ, ಕೇಳಲೂ ಚೆಂದ. ‘ಲೋಳೆ’ ಅಂದರೆ ಮಕ್ಕಳು ಮುಖ ಹಿಂಡುತ್ತಾರೇನೋ. ಆದರೂ ‘ಅಂಬಲಿ ಮೀನು’ ಓದಿ ಇದು ಯಾವ ಅಡುಗೆ ಎಂದು ಕೇಳುವುದಕ್ಕಿಂತ ವಾಸಿ, ಅಲ್ವಾ?

ಆಕ್ಟೋಪಸ್ ಅನ್ನು ಹಾಗೇ ಬಿಡೋಣ ಅನ್ನಿಸುತ್ತದೆ. ‘ಅಷ್ಟಪದಿ’ ಅಂದರೆ ಹಾಡು ನೆನಪಾಗುತ್ತದೆ. ಅದಕ್ಕಿರುವುದು ಕಾಲಲ್ಲ, ಕೈ ಎಂದು ತಿದ್ದಲು ಹೊರಟರೆ ‘ಅಷ್ಟಭುಜೆ’ಯಾಗಿ ದೇವಿಯೇ ಎದುರು ನಿಲ್ಲುತ್ತಾಳೆ.

ಮಕ್ಕಳು ನೀರಿಗೆ ಕೈಯಿಟ್ಟು ಪ್ರಾಣಿಗಳನ್ನು ಮೆಲ್ಲಗೆ ಸವರಲು ಬಿಡುವ ತಗ್ಗು ಕೊಳ ಇರುತ್ತದಲ್ಲ, ‘ಟಚ್ ಪೂಲ್’, ಅದಕ್ಕೂ ಒಂದು ಪದ ಬೇಕು. ‘ಮುಟ್ಟಿನ ಕೊಳ’ ಎಂದು ಒಬ್ಬರು ಸೂಚಿಸಿದರು. ಬೇಡವೇ ಬೇಡ, ಕಾರಣ ಬಿಡಿಸಿ ಹೇಳಬೇಕಿಲ್ಲ. ‘ಮುಟ್ಟಿನೋಡು ಕೊಳ’ ಪರವಾಗಿಲ್ಲ. ‘ಸವರುಗೊಳ’ ಹೇಗೆ?

ಕೊನೆಯದು ಮಳೆ. ನಮ್ಮ ಓದುಗರಿಗೆ ವಸಂತ ಅಂದರೆ ಚಿಗುರು, ಕೋಗಿಲೆ, ಬಿಸಿಲು. ಆಗ ಮಳೆ ಬಂದರೂ ಗುಡುಗಿ ಸುರಿದು ಹೋಗುವುದೇ ಜಾಸ್ತಿ. ನನ್ನ ಕತೆಯ ಮಳೆ ಅಂಥದ್ದಲ್ಲ. ಚಳಿ ಪೂರ್ತಿ ಬಿಡದ ನಾಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ಸಣ್ಣಗೆ ಹನಿಯುತ್ತಲೇ ಇರುವ ಮಳೆ. ‘ಜಡಿಮಳೆ’ಗೆ ರಭಸ ಹೆಚ್ಚು, ‘ತುಂತುರು’ ಬೇಗ ನಿಂತುಬಿಡುತ್ತದೆ. ಸದ್ಯಕ್ಕೆ ‘ಸೋನೆಮಳೆ’ ಎಂದು ಬರೆದಿಟ್ಟಿದ್ದೇನೆ. ‘ಜಿಟಿಜಿಟಿ ಮಳೆ’ಯಲ್ಲಿ ಕಿರಿಕಿರಿಯ ಛಾಯೆ ಇದೆ, ಮಕ್ಕಳ ಕಾಲಲ್ಲಿ ಒದ್ದೆ ಶೂ ಇರುವಾಗ ಅದೂ ಬೇಕಾದದ್ದೇ. ಎರಡರಲ್ಲಿ ಯಾವುದನ್ನು ಉಳಿಸಲಿ?