ಹಳೆಯ ಕಾರಿನ ಹೀಟರ್‌ನಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುತ್ತಿದೆ: ದೋಷ ಹುಡುಕುವುದು ಎಲ್ಲಿಂದ?

ಪ್ರಶ್ನೆ

ನನ್ನದು ಇಪ್ಪತ್ತು ವರ್ಷಕ್ಕೂ ಹಳೆಯದಾದ ಪೆಟ್ರೋಲ್ ಕಾರು. ಎಂಜಿನ್ ಚೆನ್ನಾಗಿಯೇ ಇದೆ. ಉಷ್ಣಾಂಶ ತೋರಿಸುವ ಮುಳ್ಳು ಕೆಲವೇ ನಿಮಿಷಗಳಲ್ಲಿ ಮಧ್ಯಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಆದರೆ ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿದರೂ ಗಾಳಿ ಉಗುರುಬೆಚ್ಚಗಾಗುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ವೇಗವಾಗಿ ಓಡಿಸುವಾಗ ಸ್ವಲ್ಪ ವಾಸಿ, ಗಾಡಿ ನಿಂತು ಎಂಜಿನ್ ನಿಧಾನಗತಿಗೆ ಇಳಿದ ಕೂಡಲೇ ಮತ್ತೆ ತಣ್ಣಗಾಗುತ್ತದೆ. ಬ್ಲೋವರ್‌ನ ರಭಸ ಮಾತ್ರ ಮೊದಲಿನಂತೆಯೇ ಇದೆ.

ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ಅದರ ದ್ರವವನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬದಲಾಯಿಸಿಕೊಟ್ಟರು, ಪ್ರಯೋಜನವಾಗಲಿಲ್ಲ. ಈಗ ಡ್ಯಾಶ್‌ಬೋರ್ಡನ್ನು ಪೂರ್ತಿ ಬಿಚ್ಚಿ ಹೀಟರ್ ಕೋರ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ದೋಷ ನಿಜವಾಗಿಯೂ ಅಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳುವ ಬಗೆ ಯಾವುದು? ಚಳಿಯಲ್ಲಿ ಮುಂಗಾಜಿನ ಮೇಲೆ ಕೂತ ಮಂಜು ಬೇಗ ಕರಗದೆ ರಸ್ತೆಯೇ ಕಾಣದಂತಾಗುವುದರಿಂದ ಇದನ್ನು ಹೀಗೆಯೇ ಬಿಡುವಂತಿಲ್ಲ.

ಉತ್ತರ 1

ಡ್ಯಾಶ್‌ಬೋರ್ಡಿಗೆ ಇನ್ನೂ ಕೈ ಹಚ್ಚಬೇಡಿ. ಹೀಟರ್ ಎಂಬುದು ಎಂಜಿನ್ನಿನ ಬಿಸಿಯನ್ನು ಹೊತ್ತೊಯ್ಯುವ ದ್ರವವಾದ ಕೂಲಂಟನ್ನೇ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಒಂದು ಪುಟ್ಟ ರೇಡಿಯೇಟರಿನಲ್ಲಿ ಹರಿಸಿ, ಅದರ ಮೂಲಕ ಗಾಳಿಯನ್ನು ಊದುವ ಏರ್ಪಾಡು. ಆದ್ದರಿಂದ ಬಿಸಿ ಎಲ್ಲಿಯವರೆಗೆ ಬಂದು ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಪತ್ತೆಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಗುಂಡಿಯನ್ನು ಬಿಸಿಯ ತುದಿಯಲ್ಲಿಟ್ಟು, ಎಂಜಿನ್ನಿನಿಂದ ಕ್ಯಾಬಿನ್ ಕಡೆಗೆ, ಎರಡನ್ನೂ ಬೇರ್ಪಡಿಸುವ ತಗಡಿನ ಗೋಡೆಯಾದ ಫೈರ್‌ವಾಲ್ ದಾಟಿ ಹೋಗುವ ಎರಡು ಸಣ್ಣ ರಬ್ಬರ್ ಹೋಸ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿರಲಿ. ಎರಡೂ ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಕೂಲಂಟ್ ಸರಿಯಾಗಿ ಹರಿಯುತ್ತಿದೆ, ದೋಷವಿರುವುದು ಬಿಸಿಗಾಳಿ ಮತ್ತು ತಣ್ಣನೆಯ ಗಾಳಿಯನ್ನು ಬೆರೆಸುವ ಒಳಗಿನ ಬಾಗಿಲಿನಲ್ಲಿ ಎಂದರ್ಥ. ಒಂದು ಸುಡುತ್ತಿದ್ದು ಇನ್ನೊಂದು ಬರೀ ಬೆಚ್ಚಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಕೋರಿಗೆ ಕೂಲಂಟ್ ಬಿಡುವ ಹೀಟರ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ. ಎರಡೂ ಉಗುರುಬೆಚ್ಚಗಿದ್ದರೆ ಕೂಲಂಟ್ ಕಡಿಮೆಯಾಗಿರಬಹುದು, ಗಾಳಿ ಸಿಕ್ಕಿಕೊಂಡಿರಬಹುದು, ಅಥವಾ ವಾಟರ್ ಪಂಪ್ ದುರ್ಬಲವಾಗಿರಬಹುದು. ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೂ ಹೀಗಾಗುತ್ತದೆ, ಆದರೆ ಆಗ ಮುಳ್ಳು ಮಧ್ಯಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ ಮತ್ತು ಹೆದ್ದಾರಿಯಲ್ಲಿ ಕೆಳಗಿಳಿಯುತ್ತದೆ. ನಿಮ್ಮ ಕಾರಿನಲ್ಲಿ ಹಾಗಾಗುತ್ತಿಲ್ಲವಾದ್ದರಿಂದ ಥರ್ಮೋಸ್ಟಾಟನ್ನು ಬದಲಾಯಿಸುವ ಅಗತ್ಯವೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 2

ಮೇಲಿನ ಮಾತು ಸರಿ. ಆದರೆ ಓಡುವಾಗ ಬಿಸಿ, ನಿಂತಾಗ ತಣ್ಣಗೆ ಎಂಬ ಲಕ್ಷಣವನ್ನು ಕೇಳಿದೊಡನೆ ನಾನು ಮೊದಲು ಶಂಕಿಸುವುದು ಗಾಳಿಯನ್ನು. ಥರ್ಮೋಸ್ಟಾಟ್ ಬದಲಾಯಿಸುವಾಗ ಕೂಲಂಟನ್ನು ಹೊರಬಿಟ್ಟು ಮತ್ತೆ ತುಂಬಿರುತ್ತಾರೆ. ಆಗ ಒಳಸೇರಿದ ಗಾಳಿಯನ್ನು ಸರಿಯಾಗಿ ಹೊರಹಾಕದಿದ್ದರೆ ಅದು ಎತ್ತರದ ಜಾಗಗಳಲ್ಲಿ ನಿಂತುಬಿಡುತ್ತದೆ, ಎಷ್ಟೋ ಕಾರುಗಳಲ್ಲಿ ಅಂಥ ಒಂದು ಜಾಗ ಹೀಟರ್ ಕೋರೇ. ಹಲವು ಥರ್ಮೋಸ್ಟಾಟ್‌ಗಳ ಅಂಚಿನಲ್ಲಿ ಗಾಳಿ ಹೋಗಲೆಂದೇ ಒಂದು ಸಣ್ಣ ರಂಧ್ರವಿರುತ್ತದೆ. ಅದನ್ನು ಮೇಲ್ಮುಖವಾಗಿ ಕೂರಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಾರಿನ ಮೂತಿ ತುಸು ಎತ್ತರಕ್ಕೆ ಬರುವಂತೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗಳಿಗೆ ಅಡ್ಡ ಕೊಡಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಕೂಲಂಟನ್ನು ನಿಧಾನವಾಗಿ ತುಂಬುತ್ತಾ ಮೇಲಿನ ಹೋಸನ್ನು ಆಗಾಗ ಹಿಸುಕಿ. ನಂತರ ಎಂಜಿನ್ ಚಾಲೂ ಮಾಡಿ, ಗುಳ್ಳೆಗಳು ನಿಂತು ಮಟ್ಟ ಸ್ಥಿರವಾಗುವವರೆಗೆ ತುಂಬುತ್ತಿರಿ. ಗಾಳಿ ಬಿಡಲು ಪ್ರತ್ಯೇಕ ಸ್ಕ್ರೂ ಇರುವ ಕಾರಾದರೆ ಅದನ್ನೇ ಬಳಸಿ. ಬಿಸಿ ಎಂಜಿನ್ನಿನ ಮೇಲೆ ಮುಚ್ಚಿರುವ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲವಾದ ಕ್ಷಣದಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಪ್ರಶ್ನೆ ಕೇಳಿದವರು

ಗಾಳಿ ಬಿಡಿಸಿದೆ. ಮಟ್ಟ ಸಾಕಷ್ಟು ಕೆಳಗಿತ್ತು, ಗುಳ್ಳೆಗಳೂ ಬಹಳ ಬಂದವು. ನಿಂತಾಗ ಪೂರ್ತಿ ತಣ್ಣಗಾಗುವುದು ನಿಂತಿದೆ, ಆದರೂ ಗಾಳಿ ಬೇಕಾದಷ್ಟು ಬಿಸಿಯಿಲ್ಲ. ಈಗ ಒಂದು ಹೋಸ್ ಕೈ ಇಡಲಾಗದಷ್ಟು ಸುಡುತ್ತಿದೆ, ಇನ್ನೊಂದನ್ನು ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಂಡಿರಬಹುದು. ಹಾಗಾದರೆ ಕೋರ್ ಬದಲಾಯಿಸಲೇಬೇಕೇ?

ಉತ್ತರ 3

ಬೇಡ. ಮೊದಲು ಒಬ್ಬರನ್ನು ಒಳಗೆ ಕೂರಿಸಿ ಗುಂಡಿ ತಿರುಗಿಸಲು ಹೇಳಿ, ನೀವು ಹೀಟರ್ ವಾಲ್ವಿನ ಸನ್ನೆಯನ್ನು, ಅಂದರೆ ಕೇಬಲ್ ಎಳೆಯುವ ಲಿವರನ್ನು, ನೋಡುತ್ತಿರಿ (ವಾಲ್ವೇ ಇಲ್ಲದೆ ಬಾಗಿಲಿನಿಂದಲೇ ಬಿಸಿಯನ್ನು ನಿಯಂತ್ರಿಸುವ ಕಾರುಗಳೂ ಇವೆ). ಕೇಬಲ್ಲಿನ ಹೊರಕವಚವನ್ನು ಹಿಡಿದಿಡುವ ಸಣ್ಣ ಕ್ಲಿಪ್ ಸಡಿಲವಾಗಿದ್ದರೆ ಒಳಗಿನ ತಂತಿಯ ಬದಲು ಕವಚವೇ ಜಾರುತ್ತದೆ, ಸನ್ನೆ ಅರ್ಧಕ್ಕೇ ನಿಲ್ಲುತ್ತದೆ, ಒಳಗಿನ ಗುಂಡಿ ಮಾತ್ರ ಕೊನೆಯವರೆಗೂ ತಿರುಗುತ್ತದೆ. ಇಷ್ಟು ಚಿಕ್ಕ ಕಾರಣಕ್ಕೆ ಕೋರ್ ಬದಲಾಯಿಸಿಕೊಂಡವರಿದ್ದಾರೆ ಎಂಬುದೇ ಬೇಸರದ ಸಂಗತಿ.

ವಾಲ್ವ್ ಸರಿಯಿದ್ದರೆ ಕೋರನ್ನು ಹಿಮ್ಮುಖವಾಗಿ ತೊಳೆಯಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಎರಡೂ ಹೋಸ್‌ಗಳನ್ನು ಕೋರಿನ ಕೊಳವೆಗಳಿಂದ ಬಿಡಿಸಿ. ಹಳೆಯ ರಬ್ಬರ್ ಅಂಟಿಕೊಂಡಿದ್ದರೆ ಬಲವಾಗಿ ತಿರುಚಬೇಡಿ. ಕೊಳವೆಯ ಬೆಸುಗೆ ಬಿಟ್ಟುಹೋದರೆ ಡ್ಯಾಶ್‌ಬೋರ್ಡ್ ಬಿಚ್ಚದೆ ದಾರಿಯೇ ಇರುವುದಿಲ್ಲ. ಅದರ ಬದಲು ಹೋಸಿನ ತುದಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆದು, ಹೊಸ ಹೋಸ್ ಹಾಕಿ. ನಂತರ ಕೂಲಂಟ್ ಹೊರಬರುವ ಕೊಳವೆಯಿಂದ ನೀರನ್ನು ಮಂದ ಒತ್ತಡದಲ್ಲಿ ಒಳಬಿಟ್ಟು, ಇನ್ನೊಂದು ಕೊಳವೆಗೆ ಉದ್ದನೆಯ ಹೋಸ್ ಸಿಕ್ಕಿಸಿ ಅದರ ತುದಿಯನ್ನು ಬಕೆಟ್ಟಿಗಿಳಿಸಿ. ನಲ್ಲಿಯನ್ನು ಪೂರ್ತಿ ತೆರೆದರೆ ಹಳೆಯ ಕೋರ್ ಒಡೆಯಬಹುದು. ತಿಳಿನೀರು ಬರುವವರೆಗೆ ದಿಕ್ಕು ಬದಲಿಸುತ್ತಾ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ವಾಟರ್ ಹಾಯಿಸಿ. ಬಕೆಟ್ಟಿನಲ್ಲಿ ಬಿದ್ದದ್ದನ್ನು ನೆಲಕ್ಕೆ ಚೆಲ್ಲಬೇಡಿ, ಏಕೆಂದರೆ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಸೋರಿಕೆ ನಿಲ್ಲಿಸುವ ಪುಡಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ರೇಡಿಯೇಟರಿಗಿಂತ ಮೊದಲು ಅದು ಮುಚ್ಚುವುದು ಹೀಟರ್ ಕೋರಿನ ಸಣ್ಣ ನಾಳಗಳನ್ನು.

ಪ್ರಶ್ನೆ ಕೇಳಿದವರು

ಕೇಬಲ್ ಸರಿಯಾಗಿತ್ತು. ಕೋರ್ ತೊಳೆದಾಗ ಮೊದಲು ನೀರು ಕಷ್ಟಪಟ್ಟು ತೊಟ್ಟಿಕ್ಕಿತು, ಆಮೇಲೆ ತುಕ್ಕುಬಣ್ಣದ ಗಸಿಯೂ ಚಕ್ಕೆಗಳೂ ಒಟ್ಟಿಗೇ ಬಂದವು. ಹೊಸ ಕೂಲಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಸಮಪಾಲು ಬೆರೆಸಿ ತುಂಬಿ ಗಾಳಿ ಬಿಡಿಸಿದ ಮೇಲೆ ಎರಡೂ ಹೋಸ್‌ಗಳು ಬಿಸಿಯಾಗಿವೆ, ಮುಂಗಾಜಿನ ಮಂಜು ಬೇಗನೆ ಬಿಡುತ್ತಿದೆ. ಎಲ್ಲರಿಗೂ ಕೃತಜ್ಞತೆಗಳು.

ಉತ್ತರ 2 ಬರೆದವರು

ಸಂತೋಷ. ಆದರೆ ಮಟ್ಟ ಮೊದಲೇ ಕೆಳಗಿತ್ತು ಎಂದಿದ್ದೀರಿ. ಅದು ಗ್ಯಾರೇಜಿನಲ್ಲಿ ಸರಿಯಾಗಿ ತುಂಬದೆ ಆದದ್ದೇ, ಅಥವಾ ಎಲ್ಲಾದರೂ ಸೋರುತ್ತಿದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಲವು ವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಗೆರೆಯನ್ನು ನೋಡುತ್ತಿರಿ. ಮಟ್ಟ ಇಳಿಯುತ್ತಿದ್ದು, ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗುತ್ತಿದ್ದರೆ ಅಥವಾ ಗಾಜಿನ ಒಳಮೈಗೆ ಜಿಡ್ಡು ಕೂರುತ್ತಿದ್ದರೆ ಕೋರೇ ಸೋರುತ್ತಿದೆ, ಆಗ ಬದಲಾಯಿಸದೆ ವಿಧಿಯಿಲ್ಲ. ಹೊರಗೆಲ್ಲೂ ಸೋರಿಕೆ ಕಾಣದೆ, ಟ್ಯಾಂಕಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗ ಮತ್ತು ಬ್ಲಾಕ್ ಸೇರುವಲ್ಲಿ ಸೋರದಂತೆ ತಡೆಯುವ ಹಾಳೆ) ಪರೀಕ್ಷೆ ಮಾಡಿಸಿ, ಅದನ್ನು ಮುಂದೂಡಬೇಡಿ.